ಸವೆದ ಅಕ್ಷರದ ಮೇಲೊಂದು ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನ ವಿಷಯದಲ್ಲಿ ಜನ ಹೇಳುವಷ್ಟು ಸುಳ್ಳನ್ನು ಬೇರೆ ಯಾವ ವಿಷಯದಲ್ಲೂ ಹೇಳುವುದಿಲ್ಲ. ಸಿಟ್ಟು ಬಂದರೆ ಸಿಟ್ಟು ಬಂತು ಎನ್ನುತ್ತಾರೆ, ಹಸಿವಾದರೆ ಹಸಿವಾಯಿತು ಎನ್ನುತ್ತಾರೆ. ಹೊಟ್ಟೆಕಿಚ್ಚಾದಾಗ ಮಾತ್ರ 'ನನಗೇನ್ರಿ, ಅವರು ಛಲೋ ಇರ್ಲಿ' ಎಂದು ಹೇಳಿ ಒಂದು ಲೋಟ ನೀರು ಕುಡಿದು ಸುಮ್ಮನಾಗುತ್ತಾರೆ. ನಾನು ಹಾಗೆ ಮುಚ್ಚಿಡುವವನಲ್ಲ. ನನಗೆ ಹೊಟ್ಟೆಕಿಚ್ಚಾಗಿದೆ, ಬಹಳ ಆಗಿದೆ, ತಿಂಗಳುಗಟ್ಟಲೆ ಆಗಿದೆ. ನೆರೆಮನೆಯವರ ಕಾರು, ಜೊತೆಗಾರನ ಬಡ್ತಿ, ಗೆಳೆಯನ ತಲೆಗೂದಲು ಇವೆಲ್ಲ ಹೊಟ್ಟೆಕಿಚ್ಚು ಪಡಲು ಲೋಕ ಒಪ್ಪಿರುವ ಕಾರಣಗಳು. ನನ್ನ ಕಾರಣ ಹೇಳಿದರೆ ನೀವು ನಗುತ್ತೀರಿ. ನಾನು ಹೊಟ್ಟೆಕಿಚ್ಚು ಪಟ್ಟದ್ದು ಅಕ್ಷರದ ಮೇಲೆ. ಅದೂ ಒಂದೆರಡು ಅಕ್ಷರವಲ್ಲ, ಅ ಇಂದ ಳ ವರೆಗೆ ಇಡೀ ವರ್ಣಮಾಲೆಯ ಮೇಲೆ. ಕಂಪ್ಯೂಟರಿನವರು ಫಾಂಟ್ ಎನ್ನುತ್ತಾರಲ್ಲ, ಅಂಥ ಒಂದು ಫಾಂಟಿನ ಮೇಲೆ.

ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಮಾಸ್ತರ. ಚಿತ್ರಕಲಾ ಮಾಸ್ತರನೆಂದರೆ ಚಿತ್ರ ಬರೆಯುವವನು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಒಳ್ಳೆಯತನ. ಶಾಲೆಯಲ್ಲಿ ನನಗೆ ಇರುವ ಕೆಲಸ ಬರೆಯುವುದು. ದಿನಾ ಬೆಳಿಗ್ಗೆ ಹಲಗೆಯ ಮೇಲೆ ಸುವಿಚಾರ ಬರೆಯುವುದು, ಸಾಹೇಬರು ಬರುವ ದಿನ ಸ್ವಾಗತ ಬರೆಯುವುದು, ನಿವೃತ್ತಿಯಾಗುವವರಿಗೆ ಬೀಳ್ಕೊಡುಗೆ ಸಮಾರಂಭ ಎಂದು ಬರೆಯುವುದು. ನನ್ನ ಅಕ್ಷರ ನೋಡಲು ಚೆಂದ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಇತ್ತೀಚೆಗೆ ಬೇರೆಯವರು ಹೇಳುವುದನ್ನು ನಿಲ್ಲಿಸಿರುವುದರಿಂದ ನಾನೇ ಹೇಳಬೇಕಾಗಿದೆ. ನಿವೃತ್ತರಾಗುವ ಮಾಸ್ತರರು ವೇದಿಕೆಯ ಹಿಂದೆ ತಮ್ಮ ಹೆಸರು ನೋಡಿ ಕಣ್ಣು ಒರೆಸಿಕೊಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರು ಅಳುವುದು ನೌಕರಿ ಮುಗಿಯಿತೆಂದು ಎಂದು ಉಳಿದವರು ಹೇಳುತ್ತಾರೆ. ನಾನು ಆ ಕೀರ್ತಿಯನ್ನು ನನ್ನ ಅಕ್ಷರಕ್ಕೇ ಕೊಡುತ್ತೇನೆ.

ಶಾಲೆಯದು ಹಾಗಿರಲಿ, ನನ್ನ ಅಕ್ಷರಕ್ಕೆ ನಿಜವಾದ ದರ್ಬಾರು ಇದ್ದದ್ದು ಭಾಲ್ಕಿಯಲ್ಲಿ, ನನ್ನ ಹೆಂಡತಿ ಸುವರ್ಣಾಳ ತವರುಮನೆಯಲ್ಲಿ. ನನ್ನ ಮಾವ ಮಾಣಿಕಪ್ಪನವರು ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ದಲಾಲಿಯ ಅಡತ್ ಅಂಗಡಿ ಇಟ್ಟು, ಒಂದು ಜೀವಮಾನವನ್ನು ತೊಗರಿ ಚೀಲಗಳ ನಡುವೆ ಕಳೆದವರು. ಆ ಮನೆಗೆ ನಾನು ದೊಡ್ಡ ಅಳಿಯ. ನಾನು ಅಳಿಯನಾದಾಗಿನಿಂದ ಆ ಮನೆಯಲ್ಲಿ ಏನು ಬರೆಯಬೇಕಾದರೂ ನನ್ನ ಕೈಯೇ ಆಗಬೇಕು. ಮದುವೆಯ ಮಂಟಪಕ್ಕೆ ಥರ್ಮಾಕೋಲಿನ ಹೆಸರು ಕತ್ತರಿಸುವುದು, ತೊಟ್ಟಿಲ ಕಾರ್ಯಕ್ಕೆ ಗೋಡೆಯ ಮೇಲೆ ಕೂಸಿನ ಹೆಸರು ಬರೆಯುವುದು, ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಬರೆಯುವುದು, ಎಲ್ಲವೂ ನಾನೇ. ಬೇರೆ ಮನೆಗಳ ಅಳಿಯಂದಿರು ಕಾರಿನಲ್ಲಿ ಬಂದು ಇಳಿಯುತ್ತಾರೆ, ಮಿಠಾಯಿ ಡಬ್ಬಿ ಕೊಡುತ್ತಾರೆ. ನಾನು ಬಸ್ಸಿನಲ್ಲಿ ಬ್ರಷ್ಷು ಹಿಡಿದುಕೊಂಡು ಇಳಿಯುತ್ತಿದ್ದೆ. ಆದರೂ 'ಮಾಸ್ತರಿಗಿ ಫೋನ್ ಹಚ್ರಿ' ಎಂಬ ಆ ಒಂದು ಮಾತಿನಲ್ಲಿ ನನಗೆ ಕಾರಿನಲ್ಲಿ ಬಂದಷ್ಟೇ ಗೌರವ ಸಿಗುತ್ತಿತ್ತು.

ಆ ಮನೆಯ ಸಣ್ಣ ಅಳಿಯ ಸಂಜುಕುಮಾರ. ಸುವರ್ಣಾಳ ತಂಗಿ ಶ್ರೀದೇವಿಯ ಗಂಡ, ಅಂದರೆ ನನ್ನ ಷಡ್ಡಕ. ಔರಾದಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಫ್ಲೆಕ್ಸ್ ಅಂಗಡಿ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ನಾನು ಬಂದರೆ ಎದ್ದು ನಿಲ್ಲುತ್ತಾನೆ, ಅಣ್ಣಾರ ಎಂದು ಕರೆಯುತ್ತಾನೆ, ಊಟಕ್ಕೆ ಕುಳಿತರೆ ನನ್ನ ತಾಟಿಗೆ ತುಪ್ಪ ಬಿದ್ದಿತೋ ಇಲ್ಲವೋ ನೋಡುತ್ತಾನೆ. ಇಂಥ ಮನುಷ್ಯನನ್ನು ದ್ವೇಷಿಸುವುದು ಸುಲಭವಲ್ಲ. ನಾನು ಅದಕ್ಕೆ ಬಹಳ ಕಷ್ಟಪಟ್ಟಿದ್ದೇನೆ.

ಒಂದು ದಿನ ಸಂಬಂಧಿಕರ ಮನೆಯ ಕಾರ್ಯದಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಅವನು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ತಾನೊಂದು ಹೊಸ ನಮೂನೆಯ ಅಕ್ಷರ ಮಾಡಿದ್ದೇನೆಂದೂ, ಅದಕ್ಕೆ 'ಗೋಣಿ' ಎಂದು ಹೆಸರಿಟ್ಟಿದ್ದೇನೆಂದೂ, ಮೊದಲು ನಾನೇ ನೋಡಿ ಹೇಗಿದೆ ಹೇಳಬೇಕೆಂದೂ ಕೇಳಿದ. ನಾನು ಕನ್ನಡಕ ಏರಿಸಿ ನೋಡಿದೆ. ಪ್ರಿಂಟು ಸರಿಯಾಗಿ ಬಂದಿಲ್ಲ ಎಂದೆ. ಅವನು ನಕ್ಕು, ಅದು ಇರಬೇಕಾದದ್ದೇ ಹಾಗೆ ಎಂದ. ಹಳೆಯ ಚೀಲದ ಮೇಲಿನ ಅಕ್ಷರ ನೋಡಿ ಮಾಡಿದ್ದಂತೆ. ಯಾವ ಚೀಲ, ಯಾರ ಚೀಲ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಪ್ರಬಂಧ ಅಲ್ಲಿಗೇ ಮುಗಿಯುತ್ತಿತ್ತು.

ಆ ಅಕ್ಷರ ಹೇಗಿತ್ತೆಂದು ಹೇಳಬೇಕಾದರೆ ಸ್ಟೆನ್ಸಿಲ್ ಬಗ್ಗೆ ಎರಡು ಮಾತು ಹೇಳಬೇಕು. ತಗಡಿನಲ್ಲಿ ಅಕ್ಷರದ ಆಕಾರ ಕತ್ತರಿಸಿ ತೆಗೆದು, ಆ ತಗಡನ್ನು ಚೀಲದ ಮೇಲಿಟ್ಟು, ಬಣ್ಣದಲ್ಲಿ ಅದ್ದಿದ ಅರಿವೆಯನ್ನು ಒತ್ತಿದರೆ ಅಕ್ಷರ ಮೂಡುತ್ತದೆ. ಗಂಜಿನಲ್ಲಿ ಚೀಲಗಳಿಗೆ ಮಾರ್ಕಾ ಹಾಕುವುದು ಹೀಗೆ. ಆದರೆ ನಮ್ಮ ಕನ್ನಡದ ಅಕ್ಷರಗಳೆಲ್ಲ ದುಂಡಗಿನವು. ದುಂಡಗೆ ಪೂರ್ತಿ ಕತ್ತರಿಸಿದರೆ ನಡುವಿನ ತಗಡು ಕಳಚಿ ಕೆಳಗೆ ಬೀಳುತ್ತದೆ, ಅಕ್ಷರದ ಬದಲು ಒಂದು ತೂತು ಉಳಿಯುತ್ತದೆ. ಅದಕ್ಕಾಗಿ ಅಲ್ಲಲ್ಲಿ ಸಣ್ಣ ಪಟ್ಟಿ ಬಿಟ್ಟು ಕತ್ತರಿಸುತ್ತಾರೆ. ಪಟ್ಟಿ ಇದ್ದಲ್ಲಿ ಬಣ್ಣ ತಾಗುವುದಿಲ್ಲ, ಆ ಜಾಗ ಖಾಲಿ ಉಳಿಯುತ್ತದೆ. ಹೀಗಾಗಿ ರ ಎಂಬ ಅಕ್ಷರ ಎರಡು ಬಾಗಿದ ತುಂಡುಗಳಾಗಿ, ಬ ಎಂಬುದು ಮೂರು ತುಂಡುಗಳಾಗಿ ನಿಲ್ಲುತ್ತದೆ. ಓದುವವರ ಕಣ್ಣು ನಡುವಿನದನ್ನು ತಾನೇ ತುಂಬಿಕೊಳ್ಳುತ್ತದೆ. ಸಂಜುಕುಮಾರನ ಗೋಣಿಯಲ್ಲಿ ಈ ಖಾಲಿ ಜಾಗಗಳ ಜೊತೆಗೆ ಸವೆತವೂ ಇತ್ತು. ಅಂಚುಗಳನ್ನು ಇಲಿ ಕಡಿದಂತಿತ್ತು. ಮೈಮೇಲೆಲ್ಲ ಗೋಣಿಯ ನೇಯ್ಗೆ ಕಾಣುವ ಹಾಗೆ ಬಿಳಿ ಚುಕ್ಕೆಗಳು. ಒಂದು ಬದಿ ಬಣ್ಣ ದಟ್ಟವಾಗಿ ಮೆತ್ತಿಕೊಂಡಿದ್ದರೆ ಇನ್ನೊಂದು ಬದಿ ಬಣ್ಣವೇ ತೀರಿಹೋದಂತೆ ಮಸುಕು. ನಾನು ಮಕ್ಕಳ ಕಿವಿ ಹಿಂಡಿ ಹಿಂಡಿ ಬಿಡಿಸಿದ ತಪ್ಪುಗಳನ್ನೆಲ್ಲ ಒಟ್ಟುಗೂಡಿಸಿ ಇವನು ಒಂದು ಹೆಸರಿಟ್ಟಿದ್ದಾನೆ ಎಂದುಕೊಂಡೆ.

ಇದನ್ನು ಯಾರು ಬಳಸುತ್ತಾರೆ ಎಂದು ನಾನು ನೆಮ್ಮದಿಯಾಗಿದ್ದೆ. ಎಲ್ಲರೂ ಬಳಸಿದರು. ಮೊದಲು ಔರಾದಿನ ಒಂದು ಜಿಮ್ಮಿನ ಮೇಲೆ ಬಂತು. ಜಿಮ್ಮಿಗೆ ಅದು ಹೊಂದಿತು, ಕಬ್ಬಿಣ ಎತ್ತುವವರಿಗೆ ಸವೆದ ಅಕ್ಷರ ಸರಿ. ಆಮೇಲೆ ಬೀದರಿನ ಕೋಟೆ ರಸ್ತೆಯ ಒಂದು ಚಹಾದ ಅಂಗಡಿಗೆ ಬಂತು, ಬುಲೆಟ್ ಗಾಡಿ ರಿಪೇರಿ ಮಾಡುವಲ್ಲಿಗೆ ಬಂತು, ಹುಡುಗರ ಟೀಶರ್ಟಿನ ಎದೆಯ ಮೇಲೆ ಬಂತು. ಅಷ್ಟಕ್ಕೆ ನಿಂತಿದ್ದರೆ ನಾನೂ ತಡೆದುಕೊಳ್ಳುತ್ತಿದ್ದೆ. ಭಾಲ್ಕಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ತಮ್ಮ ದವಾಖಾನೆಗೆ ಅದನ್ನೇ ಬರೆಸಿದರು. ನಡುನಡುವೆ ಸಂದು ಬಿದ್ದ ಆ ಅಕ್ಷರಗಳನ್ನು ನೋಡಿದ ರೋಗಿಗಳು ಯಾವ ಧೈರ್ಯದಿಂದ ಬಾಯಿ ತೆರೆಯುತ್ತಾರೋ. ಒಬ್ಬ ಕಣ್ಣಿನ ಡಾಕ್ಟರದೂ ಬಂತು. ಅದರ ಮುಂದೆ ಹಿರಿಯರೊಬ್ಬರು ನಿಂತು, ಅಕ್ಷರಗಳು ಒಡೆದು ಒಡೆದು ಕಾಣುತ್ತಿವೆ, ಪೊರೆ ಬಂದಿರಬೇಕು ಎಂದು ಗಾಬರಿಯಿಂದ ಒಳಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಬಣ್ಣದ ಅಂಗಡಿಯವನು ತನ್ನ ಬೋರ್ಡಿನ ಮೇಲೆ ಬಣ್ಣ ಉದುರಿದ ಅಕ್ಷರ ಹಾಕಿಸಿದ. ಕೊನೆಗೆ ಒಂದು ಲಗ್ನಪತ್ರಿಕೆಯೂ ಗೋಣಿಯಲ್ಲಿ ಬಂತು. ಇನ್ನೂ ಮದುವೆಯೇ ಆಗಿಲ್ಲ, ಆಗಲೇ ಇಬ್ಬರ ಹೆಸರೂ ಸವೆದುಹೋಗಿದ್ದವು.

ಇಷ್ಟೆಲ್ಲ ಕುಹಕ ಮಾಡಿದ ಮೇಲೆ ಒಂದು ನಿಜ ಹೇಳಿಬಿಡಬೇಕು. ಕೋಟೆ ರಸ್ತೆಯ ಆ ಚಹಾದ ಅಂಗಡಿಯ ಎದುರಿಗೆ ಒಂದು ಸಂಜೆ ನಾನು ಬೇಕೆಂದೇ ಹೋಗಿ ನಿಂತಿದ್ದೆ, ತಪ್ಪು ಹುಡುಕಲು. ಗೋಡೆಗೆ ಇಟ್ಟಿಗೆ ಬಣ್ಣ, ಅದರ ಮೇಲೆ ಕಪ್ಪು ಗೋಣಿ ಅಕ್ಷರಗಳು. ಆ ಗೋಡೆಯ ಮೇಲೆ ಮೊದಲಿನಿಂದಲೂ ಇದ್ದವೋ ಏನೋ ಎಂಬಂತೆ ಕೂತಿದ್ದವು. ಬಹಳ ಚೆನ್ನಾಗಿದ್ದವು. ಒಂದು ತಪ್ಪೂ ಸಿಗಲಿಲ್ಲ. ಚೆನ್ನಾಗಿ ಇರದಿದ್ದರೆ ಹೊಟ್ಟೆಕಿಚ್ಚಿಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಚಹಾ ಕುಡಿಯದೇ ಮನೆಗೆ ಬಂದೆ.

ಮನೆಗೆ ಬಂದರೆ ಅಲ್ಲೂ ಗೋಣಿಯೇ. ಚಿದ್ರಿ ಬಡಾವಣೆಯ ನಮ್ಮ ಮನೆಯ ಅಡುಗೆಮನೆಯಲ್ಲಿ ಡಬ್ಬಿಗಳಿಗೆಲ್ಲ ಚೀಟಿ ಬರೆದು ಅಂಟಿಸಿದವನು ನಾನು. ಜೀರಿಗಿ, ಸಾಸಿವಿ, ಅರಿಷಿಣ, ಖಾರಪುಡಿ ಎಂದು ಮುತ್ತು ಪೋಣಿಸಿದಂತೆ ಬರೆದಿದ್ದೆ. ಆ ದಿನ ನೋಡಿದರೆ ನನ್ನ ಚೀಟಿಗಳೆಲ್ಲ ಹೋಗಿ ಅವುಗಳ ಜಾಗದಲ್ಲಿ ಕಂದು ಬಣ್ಣದ ಗೋಣಿ ಚೀಟಿಗಳು ಕೂತಿದ್ದವು. ಶ್ರೀದೇವಿ ಪ್ರಿಂಟ್ ತೆಗೆಸಿ ಕಳಿಸಿದ್ದಳಂತೆ. ನನ್ನ ಮುಖ ನೋಡಿ ಸುವರ್ಣಾ, ನನ್ನ ಚೀಟಿಗಳಿಗೆ ಎಣ್ಣೆ ತಾಗಿ ಹಾಳಾಗಿದ್ದವು ಎಂದು ಸಮಜಾಯಿಷಿ ಕೊಟ್ಟಳು. ಹಾಳಾಗಿದ್ದವೆಂದು ತೆಗೆದು, ಹಾಳಾದಂತೆ ಕಾಣುವ ಅಕ್ಷರವನ್ನೇ ಅಂಟಿಸಿದರೆ ಅದು ಯಾವ ನ್ಯಾಯ ಎಂದು ಕೇಳಿದೆ. ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು. ಸಾಸಿವೆ ಸಿಡಿಯುವ ಸದ್ದಿನಲ್ಲಿ ನನ್ನ ಪ್ರಶ್ನೆ ಅಲ್ಲೇ ಉಳಿಯಿತು.

ಹೀಗಿರುವಾಗ ಭಾಲ್ಕಿಯಲ್ಲಿ ಮಾವನವರ ಹೊಸ ಮನೆ ಕಟ್ಟಿ ಮುಗಿಯುತ್ತ ಬಂತು. ಹೆಸರು ಬಸವ ನಿಲಯ ಎಂದು ತೀರ್ಮಾನವಾಗಿತ್ತು. ಗೇಟಿನ ಪಕ್ಕದ ಗೋಡೆಯಲ್ಲಿ ಹೆಸರಿಗೆಂದೇ ಗೌಂಡಿ ಒಂದು ಚೌಕ ಬಿಟ್ಟಿದ್ದ. ಆ ಚೌಕ ನನ್ನದೆಂದು ನಾನು ತಿಳಿದಿದ್ದೆ. ಯಾವ ಬಣ್ಣ, ಎಷ್ಟು ಎತ್ತರದ ಅಕ್ಷರ ಎಂದು ಮನಸ್ಸಿನಲ್ಲೇ ಬರೆದೂ ಮುಗಿಸಿದ್ದೆ. ಮಾಸ್ತರಿಗಿ ಫೋನ್ ಹಚ್ರಿ ಎಂಬ ಮಾತು ಯಾವಾಗ ಬರುತ್ತದೆಂದು ಕಾಯುತ್ತಿದ್ದೆ. ಫೋನು ಬಂತು, ಆದರೆ ಮಾತು ಬೇರೆ ಇತ್ತು. ಸಂಜುಕುಮಾರನೂ ಬರೆಯುತ್ತೇನೆ ಅನ್ನುತ್ತಿದ್ದಾನೆ, ಇಬ್ಬರೂ ಐತವಾರ ಒಂದೊಂದು ಮಾದರಿ ತನ್ನಿ, ನೋಡಿ ಹಾಕಿಸೋಣ ಎಂದರು ಮಾವ. ತೊಗರಿಯ ಎರಡು ನಮೂನೆ ತರಿಸಿ ನೋಡುವ ಹಾಗೆ. ದೊಡ್ಡ ಅಳಿಯನಾಗಿ ಇಷ್ಟು ವರ್ಷ ಬರೆದವನಿಗೆ ಈಗ ಪರೀಕ್ಷೆ. ಆ ಚೌಕ ಕೈಬಿಟ್ಟರೆ ಆ ಮನೆಯಲ್ಲಿ ಇನ್ನು ನನ್ನ ಕೈಗೆ ಕೆಲಸವಿಲ್ಲ, ಬರೀ ಊಟಕ್ಕೆ ಬಂದು ಹೋಗುವ ನೆಂಟನಾಗುತ್ತೇನೆ ಎಂಬುದು ನನಗೆ ಸ್ಪಷ್ಟವಾಗಿತ್ತು. ಆ ರಾತ್ರಿ ರೊಟ್ಟಿ ಸೇರಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಅತ್ತೆಗೆ ಫೋನು ಮಾಡಿ ಕ್ಷೇಮ ಸಮಾಚಾರ ಕೇಳಿದೆ, ಮೊಣಕಾಲು ನೋವು ಕೇಳಿದೆ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದೆ. ನಮ್ಮ ಅತ್ತೆಯ ಮನೆಯಲ್ಲಿ ಅಂಚು ಒಡೆದ ಕಪ್ಪಿನಲ್ಲಿ ಯಾರಿಗೂ ಚಹಾ ಕೊಡುವುದಿಲ್ಲ. ಹೊಸ ಮನೆಯ ಬಾಗಿಲಲ್ಲಿ ಒಡೆದ ಅಕ್ಷರ ಇಡುವುದು ನಿಮಗೆ ಸರಿ ಕಾಣುತ್ತದೆಯೇ ಎಂದು ಕೇಳಿದೆ. ಅವರು ಗಾಬರಿಯಾದರು. ಅದು ಒಡೆದ ಅಕ್ಷರವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಮತ ಗಟ್ಟಿಯಾಯಿತೆಂದು ನನಗೆ ಸಮಾಧಾನವಾಯಿತು. ಸ್ಟಾಫ್ ರೂಮಿನಲ್ಲಂತೂ ನಾನು ಬೇರೆ ಮಾತೇ ಆಡುತ್ತಿರಲಿಲ್ಲ. ಗೋಣಿಯ ಒಂದೊಂದೇ ಅಕ್ಷರವನ್ನು ಹಲಗೆಯ ಮೇಲೆ ಬರೆದು ಅದರ ದೋಷಗಳನ್ನು ವಿವರಿಸಿದೆ. ಮುಖ್ಯವಾಗಿ ತಲೆಕಟ್ಟು. ಅದರ ಪ್ರತಿಯೊಂದು ತಲೆಕಟ್ಟೂ ಬಲಗಡೆಗೆ ತುಸು ಮೇಲಕ್ಕೆ ಏರುತ್ತದೆ. ಬರೆದವನಿಗೆ ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ಯಾರೂ ಕಲಿಸಿಲ್ಲ, ಇಂಥವನ ಕೈಗೆ ಬಣ್ಣ ಕೊಟ್ಟವರಿಗೆ ಶಿಕ್ಷೆಯಾಗಬೇಕು ಎಂದೆ. ಗಣಿತದ ಮಾಸ್ತರರು ಬಹಳ ನಕ್ಕರು. ಅವರು ನಕ್ಕದ್ದು ನನಗೆ ಆಗ ಹಿತವಾಗಿತ್ತು.

ಐತವಾರ ನಾನೂ ಸುವರ್ಣಾಳೂ ಭಾಲ್ಕಿ ಬಸ್ಸು ಹತ್ತಿದೆವು. ನನ್ನ ಮಾದರಿ ಹಳೆಯ ಧೋತರದಲ್ಲಿ ಸುತ್ತಿ ತೊಡೆಯ ಮೇಲಿತ್ತು. ಪ್ಲೈವುಡ್ಡಿನ ಮೇಲೆ ಕೆನೆ ಬಣ್ಣ, ಅದರ ಮೇಲೆ ಗಾಢ ನೀಲಿ ಅಕ್ಷರ, ಎರಡು ಸಲ ಬಳಿದು ಒಣಗಿಸಿದ್ದು. ಕೂದಲೆಳೆಯಷ್ಟೂ ಡೊಂಕು ಇರಲಿಲ್ಲ. ಅದನ್ನು ಬರೆಯಲು ನಾನು ವಾರವಿಡೀ ಮನೆಯಲ್ಲಿ ಮಾತು ಬಿಟ್ಟಿದ್ದೆ, ಅದರಿಂದ ತನಗೆ ಒಳ್ಳೆಯ ವಿಶ್ರಾಂತಿ ಸಿಕ್ಕಿತೆಂದು ಸುವರ್ಣಾ ಪಕ್ಕದ ಸೀಟಿನವರಿಗೆ ಹೇಳುತ್ತಿದ್ದಳು.

ಹೊಸ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಅತ್ತೆ ಸುಸಲಾ, ಭಜಿ ತಂದಿಟ್ಟರು. ನಾನು ಧೋತರ ಬಿಚ್ಚಿ ಬೋರ್ಡನ್ನು ಗೋಡೆಗೆ ಆನಿಸಿದೆ. ಮಾವ ಸ್ವಲ್ಪ ಹೊತ್ತು ನೋಡಿ, ಛಲೋ ಅದ, ಸ್ವಚ್ಛ ಅದ ಎಂದರು. ಅವರು ಬೇಡದ ಮಾಲು ನೋಡಿದಾಗಲೂ ಸಭ್ಯತೆಗೆ ಹೀಗೇ ಹೇಳುತ್ತಾರೆಂದು ನನಗೆ ಗೊತ್ತಿತ್ತು. ಥೇಟ್ ಬ್ಯಾಂಕಿನ ಬೋರ್ಡಿನ ಹಾಗಿದೆ ಎಂದಳು ಶ್ರೀದೇವಿ. ಹೊಗಳಲೆಂದೇ ಹೇಳಿದ್ದು. ಆಮೇಲೆ ಸಂಜುಕುಮಾರ ತನ್ನದನ್ನು ತೆರೆದ. ಸಾಗವಾನಿಯ ಹಲಗೆ, ಅದರ ಮೇಲೆ ಕರಿ ಅಕ್ಷರದಲ್ಲಿ ಬಸವ ನಿಲಯ. ಅತ್ತೆ ಮುಖ ಸಿಂಡರಿಸಿಕೊಂಡು, ಅಂಚೆಲ್ಲ ಒಡೆದಿದೆಯಲ್ಲ, ಹೊಸ ಮನೆಗೆ ಇದು ಬೇಡ ಎಂದರು. ನಾನು ಭಜಿ ಬಾಯಿಗಿಟ್ಟುಕೊಂಡೆ, ಬಹಳ ರುಚಿಯಾಗಿತ್ತು.

ಮಾವ ಮಾತ್ರ ಎದ್ದು ಹೋಗಿ ಆ ಹಲಗೆಯ ಮೇಲೆ ಕೈಯಾಡಿಸಿದರು. ಒಂದೊಂದೇ ಅಕ್ಷರದ ಮೇಲೆ ಬೆರಳು ಹರಿಸಿ, "ಈ ಅಕ್ಷರ ಎಲ್ಲಿಂದ ತಂದೀರಿ?" ಎಂದು ಕೇಳಿದರು.

"ಹೋದ ವರ್ಷ ನೀವು ಬ್ಯಾಳಿ ಚೀಲ ಕಳಿಸಿದ್ರಲ್ಲರಿ ಮಾವಾರ, ಅದರ ಮ್ಯಾಲಿಂದು" ಎಂದ ಸಂಜುಕುಮಾರ. "ಮಾರ್ಕಾದಾಗ ಇದ್ದ ಅಕ್ಷರ ಹಂಗೇ ತಗೊಂಡೀನಿ. ಇಲ್ಲದ್ದು ಅದರ ನಮೂನಿ ನೋಡಿ ಮಾಡೀನಿ."

ನಮ್ಮ ಮಾವನವರ ಮನೆಯಿಂದ ಪ್ರತಿ ವರ್ಷ ಸುಗ್ಗಿಯ ರಾಶಿ ಮುಗಿದ ಮೇಲೆ ಇಬ್ಬರು ಹೆಣ್ಣುಮಕ್ಕಳ ಮನೆಗೂ ಒಂದೊಂದು ಚೀಲ ತೊಗರಿಬೇಳೆ ಹೋಗುತ್ತದೆ. ತವರಿನ ಬೇಳೆಯಿಲ್ಲದೆ ಅವರ ಸಾರು ಕುದಿಯುವುದಿಲ್ಲ. ಆ ಚೀಲದ ಮಾತು ಕೇಳಿ ಮಾವ ಒಳಗಿನ ಕೋಣೆಗೆ ಹೋದರು. ಈ ವರ್ಷ ಅಂಗಡಿ ಮುಚ್ಚಿದಾಗ ತಂದಿಟ್ಟ ಸಾಮಾನೆಲ್ಲ ಅಲ್ಲಿತ್ತು. ಬರುವಾಗ ಅವರ ಕೈಯಲ್ಲಿ ಒಂದು ತಗಡು ಇತ್ತು. ಅಂಗಡಿಯ ಮಾರ್ಕಾದ ತಗಡು. ವರ್ಷಗಟ್ಟಲೆ ಬಣ್ಣ ಕೂತು ಕೂತು ದಪ್ಪಗಾಗಿತ್ತು, ಮೂಲೆಗಳು ಮುದುಡಿದ್ದವು, ಅಕ್ಷರಗಳ ಅಂಚುಗಳು ತುಕ್ಕಿನಿಂದ ಹರಿದಿದ್ದವು. ಮಾಣಿಕಪ್ಪ, ಭಾಲ್ಕಿ, ತೊಗರಿಬೇಳೆ ಎಂದು ಮೂರು ಸಾಲು. ಅದನ್ನು ಅವರು ಸಂಜುಕುಮಾರನ ಕೈಗೆ ಕೊಡಲಿಲ್ಲ, ನನ್ನ ತೊಡೆಯ ಮೇಲಿಟ್ಟರು.

"ಮಾಸ್ತರ, ಇದು ನಿಮ್ಮ ಕೈ" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಲೆಕಟ್ಟುಗಳನ್ನು ನೋಡಿದೆ, ನೆನಪು ಬಂತು. ಮದುವೆಯಾದ ವರ್ಷ ಮೊದಲ ದೀಪಾವಳಿಗೆ ನನ್ನನ್ನು ಕರೆಸಿದ್ದರು. ಹೊಸ ಅಳಿಯನಿಗೆ ತಿನ್ನುವುದು, ಮಲಗುವುದು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಆದರೆ ಗಂಜಿನಲ್ಲಿ ಬೆಳೆದ ಮಾವನಿಗೆ ಗಟ್ಟಿಮುಟ್ಟಾದ ಆಳೊಬ್ಬ ಸುಮ್ಮನೆ ಕೂತಿರುವುದನ್ನು ನೋಡಲಾಗುವುದಿಲ್ಲ. ಮೂರನೆಯ ದಿನ ಒಂದು ತಗಡು, ಒಂದು ಸೀಸದಕಡ್ಡಿ ತಂದುಕೊಟ್ಟು ಅಂಗಡಿಯ ಮಾರ್ಕಾ ಬರೆದುಕೊಡಿ ಎಂದಿದ್ದರು. ಕಲೆಯಲ್ಲಿ ಡಿಪ್ಲೊಮಾ ಮಾಡಿದವನಿಗೆ ಬೇಳೆ ಚೀಲದ ಮೇಲಿನ ಅಕ್ಷರ ಬರೆಯಲು ಹೇಳುತ್ತಾರಲ್ಲ ಎಂದು ನನಗೆ ಒಳಗೊಳಗೇ ಅವಮಾನವಾಗಿತ್ತು. ಹೋಳಿಗೆ ತಿಂದು ಭಾರವಾಗಿ ಗೋಡೆಗೆ ಒರಗಿಕೊಂಡು, ತೊಡೆಯ ಮೇಲೆ ತಗಡು ಇಟ್ಟುಕೊಂಡು ಹೇಗೋ ಬರೆದು ಕೊಟ್ಟಿದ್ದೆ. ತಲೆಕಟ್ಟು ಬಲಕ್ಕೆ ಏರಿದ್ದು ಆ ಹೋಳಿಗೆಯ ಭಾರಕ್ಕೆ. ಓಣಿಯ ತಗಡಿನ ಕೆಲಸದವನು ನಡುನಡುವೆ ಪಟ್ಟಿ ಬಿಟ್ಟು ಅದನ್ನು ಕತ್ತರಿಸಿದ. ಊರಿಗೆ ಬಂದ ಮೇಲೆ ನಾನದನ್ನು ಮರೆತುಬಿಟ್ಟೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ತಗಡು ಗಂಜಿನಲ್ಲಿ ದುಡಿದಿತ್ತು.

ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿಗೆ ಎದ್ದು ಕುಣಿಯುತ್ತಿದ್ದರು. ನಾನೂ ಎದೆ ಉಬ್ಬಿಸಿ, ಸುತ್ತಲೂ ಒಮ್ಮೆ ನೋಡಿ, ಅದಕ್ಕೇ ಅಷ್ಟು ಚೆಂದ ಇದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ತಗಡಿನ ಮೇಲೆ ಬೆರಳು ಬಡಿಯುತ್ತ ಹೇಳಿದರು: "ನೀವು ಬರದಾಗ ಇದು ಈಟು ಚಂದ ಇದ್ದಿಲ್ಲರಿ ಮಾಸ್ತರ. ಬರೀ ಅಕ್ಷರ ಇತ್ತು. ಚೀಲದ ಮ್ಯಾಲ ಬಿದ್ದು ಬಿದ್ದು, ಹಮಾಲರ ಕೈಯಾಗ ಸವದು ಸವದು, ಈಗ ನೋಡ್ರಿ ಹ್ಯಾಂಗ ಆಗ್ಯಾದ."

ನಾನು ಬಾಯಿ ಮುಚ್ಚಿದೆ. ಸಂಜುಕುಮಾರ ಮಾತ್ರ ಸಂತೋಷದಿಂದ ಕುಳಿತಲ್ಲಿ ಕುಳಿತಿರಲಿಲ್ಲ. ಇಷ್ಟು ದಿನ ನಿಮ್ಮ ಅಕ್ಷರದ ಮೇಲೇ ನನ್ನ ಅಂಗಡಿ ನಡೆದಿದೆಯಲ್ಲ ಅಣ್ಣಾರ ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಮುಖದಲ್ಲಿ ಹೊಟ್ಟೆಕಿಚ್ಚಿನ ಒಂದು ಗೆರೆಯಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಇರಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು. ಫಾಂಟಿಗೆ ನಿಮ್ಮ ಹೆಸರನ್ನೇ ಇಡುತ್ತೇನೆ ಎಂದ. ದೊಡ್ಡವನಾಗಿ ನಾನು, ಅಯ್ಯೋ ಬೇಡ ಬಿಡಿ, ಗೋಣಿ ಎಂದೇ ಇರಲಿ ಎಂದೆ. ಎರಡನೆಯ ಸಲ ಕೇಳಿದರೆ ಒಪ್ಪಬೇಕೆಂದು ಸಿದ್ಧನಾಗಿದ್ದೆ. ಅವನು ನನ್ನ ಮಾತಿಗೆ ಎಂದೂ ಎದುರಾಡಿದವನಲ್ಲ, ಹೌದ್ರಿ ಎಂದು ಒಪ್ಪಿಕೊಂಡುಬಿಟ್ಟ. ಅಕ್ಷರ ದೊಡ್ಡ ಅಳಿಯನದು, ಹಲಗೆ ಸಣ್ಣ ಅಳಿಯನದು, ಇದನ್ನೇ ಹಾಕಿಸೋಣ ಎಂದು ಮಾವ ತೀರ್ಪು ಕೊಟ್ಟರು. ನಾನು ಕೊನೆಯ ಆಸೆಯಿಂದ ಅತ್ತೆಯ ಕಡೆಗೆ ನೋಡಿದೆ. ಅವರು ತಗಡನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಇದು ಒಡೆದದ್ದಲ್ಲ, ಸವೆದದ್ದು, ತಮ್ಮ ರೊಟ್ಟಿಯ ಹಂಚೂ ಹೀಗೇ ಸವೆದಿದೆ, ಸವೆದದ್ದು ನಡೆಯುತ್ತದೆ ಎಂದರು. ನನ್ನ ನೀಲಿ ಅಕ್ಷರದ ಬೋರ್ಡನ್ನು ನೆಲಕ್ಕೆ ಮಲಗಿಸಿ ಅದರ ಮೇಲೆ ಅತ್ತೆ ಭಜಿಯ ತಾಟು ಇಟ್ಟರು, ಅದು ಅಳತೆಗೆ ಸರಿಯಾಗಿತ್ತು.

ಗೆದ್ದೆನೋ ಸೋತೆನೋ ತಿಳಿಯದೆ ಬೀದರಿಗೆ ಬಂದೆ. ಮರುದಿನ ಸ್ಟಾಫ್ ರೂಮಿನಲ್ಲಿ, ಗೋಣಿ ಎಂಬುದು ಮೂಲತಃ ನನ್ನದೇ ಅಕ್ಷರ ಎಂದು ಪ್ರಕಟಿಸಿದೆ. ಯಾರೂ ನಂಬಲಿಲ್ಲ. ಗಣಿತದ ಮಾಸ್ತರರು, ಹಾಗಾದರೆ ಬೆನ್ನು ನೆಟ್ಟಗೆ ಮಾಡಿ ಕೂರಲು ಕಲಿಯದವನು ಯಾರು ಎಂದು ಕೇಳಿ, ಶಿಕ್ಷೆಯ ವಿಷಯವನ್ನೂ ನೆನಪಿಸಿದರು. ಅವರಿಗೆ ಲೆಕ್ಕ ಬಿಟ್ಟು ಉಳಿದದ್ದೆಲ್ಲ ನೆನಪಿರುತ್ತದೆ. ಅಂದಿನಿಂದ ಆ ವಿಷಯ ಎತ್ತುವುದನ್ನು ಬಿಟ್ಟೆ.

ಆದರೆ ಕೈ ಸುಮ್ಮನಿರಬೇಕಲ್ಲ. ಅಕ್ಷರ ನನ್ನದಾದ ಮೇಲೆ ಸವೆತ ಏನು ಮಹಾ ಎಂದು ಮನೆಯಲ್ಲಿ ಕೂತು ಹೊಸದಾಗಿ ಬರೆದು ಸವೆಸತೊಡಗಿದೆ. ಸ್ಪಂಜು ಒತ್ತಿದೆ, ಉಸುಕು ಕಾಗದದಿಂದ ತಿಕ್ಕಿದೆ, ಬ್ಲೇಡಿನಿಂದ ಅಂಚು ಕೆರೆದೆ. ಇಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ. ನಾನು ಉದುರಿಸಿದ ಬಣ್ಣವೂ ಸಮ ಅಂತರದಲ್ಲಿ ಉದುರಿತು, ಕೆರೆದ ಗೀರುಗಳೂ ಒಂದೇ ಅಳತೆಗೆ ಬಂದವು. ಚುಕ್ಕಿ ರಂಗೋಲಿ ಬಹಳ ಚೆನ್ನಾಗಿ ಬಂದಿದೆ ಎಂದು ಸುವರ್ಣಾ ಹೊಗಳಿದಳು. ಆಗ ನನಗೆ ಚೀಲದ ನೆನಪಾಯಿತು. ಸಂಜುಕುಮಾರನ ಮನೆಗೆ ಹೋದ ವರ್ಷ ಹೋದಂಥದೇ ಚೀಲ ನಮ್ಮ ಮನೆಗೂ ಬಂದಿತ್ತಲ್ಲ. ಎಲ್ಲಿದೆ ಎಂದು ಕೇಳಿದರೆ ಅವಳು ಹಿತ್ತಲ ಬಾಗಿಲ ಕಡೆ ಕೈ ತೋರಿಸಿದಳು. ಕಾಲೊರೆಸಲು ಅದನ್ನು ಅಲ್ಲಿ ಹಾಸಿದವನು ನಾನೇ. ಬರಹ ಹೊಲಸಾಗಿ ಕಾಣುತ್ತದೆಂದು ಮಗುಚಿ ಹಾಸಿದವನೂ ನಾನೇ. ಅವನು ಚೀಲ ಬಿಚ್ಚಿ ಅಕ್ಷರ ನೋಡಿದ್ದ, ನಾನು ಬೇಳೆ ಸುರಿದುಕೊಂಡು ಅಕ್ಷರದ ಮೇಲೆ ಕಾಲಿಟ್ಟಿದ್ದೆ.

ಚೀಲವನ್ನು ಮೇಲ್ಮುಖ ಮಾಡಿ ಹಾಸಿ, ಅದರ ಮುಂದೆ ಮಣೆ ಹಾಕಿಕೊಂಡು ಕೂತೆ. ಬಹಳ ಹೊತ್ತು ನೋಡಿದೆ. ಷಡ್ಡಕನ ಮೇಲಿನ ಹೊಟ್ಟೆಕಿಚ್ಚು ಆರಿತ್ತು, ಅದು ನಿಜ. ಈಗ ಆದದ್ದು ಆ ತಗಡಿನ ಮೇಲೆ. ನಾನೂ ಅದೂ ಒಂದೇ ದೀಪಾವಳಿಗೆ ಆ ಮನೆಗೆ ಸೇರಿದವರು. ಅಂದು ಇಬ್ಬರೂ ಹೊಸಬರು, ಇಬ್ಬರ ಅಂಚೂ ಚೂಪಾಗಿತ್ತು. ಇಷ್ಟು ವರ್ಷಗಳಲ್ಲಿ ಇಬ್ಬರೂ ಸವೆದೆವು. ನನ್ನ ತಲೆಯ ಮೇಲೆ ಖಾಲಿ ಜಾಗ ಬಿತ್ತು, ಹಲ್ಲಿನ ಸಾಲಿನಲ್ಲಿ ಸಂದು ಬಿತ್ತು, ಬಣ್ಣವಂತೂ ಎಂದೋ ಮಾಸಿತು. ಆ ತಗಡಿನ ಅಕ್ಷರವನ್ನು ಕಂಡವರು ನಿಂತು ನೋಡುತ್ತಾರೆ, ಎದೆಯ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಾರೆ. ನನ್ನನ್ನು ನೋಡಿದವರು ಶುಗರ್ ಚೆಕ್ ಮಾಡಿಸಿ ಎನ್ನುತ್ತಾರೆ. ಜೊತೆಯಲ್ಲೇ ಸವೆದವರಲ್ಲಿ ಒಬ್ಬರಿಗೆ ಮಾತ್ರ ಈ ಪರಿ ಚೆಲುವು ಯಾಕೆ ಬರಬೇಕು ಎಂದು ನನಗೆ ನಿಜವಾಗಿಯೂ ಸಂಕಟವಾಯಿತು. ತಡೆಯಲಾರದೆ ಸುವರ್ಣಾಳನ್ನು ಕರೆದು ಅದನ್ನೇ ಕೇಳಿದೆ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಚೀಲವನ್ನೊಮ್ಮೆ ನೋಡಿದಳು, ಮಣೆಯ ಮೇಲಿನ ನನ್ನನ್ನೊಮ್ಮೆ ನೋಡಿದಳು.

"ಅದು ದುಡದು ಸವದದರಿ" ಎಂದಳು. "ನೀವು..."

ಅಷ್ಟರಲ್ಲಿ ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಅವಳು ಮಾತನ್ನು ಅಲ್ಲಿಗೇ ಬಿಟ್ಟು ಅಡುಗೆಮನೆಗೆ ಹೋದಳು. ಅವಳು ಬಿಟ್ಟುಹೋದ ಖಾಲಿ ಜಾಗವನ್ನು ನಾನೇ ತುಂಬಿಕೊಂಡು ಓದಿದೆ. ಓದಲು ಏನೂ ತೊಂದರೆಯಾಗಲಿಲ್ಲ.